ಶಿಖರದ ಬಳಿ ಎದ್ದು ನಿಂತವರು

ದೋಣಿಯಲ್ಲಿ ಸುರಕ್ಷಿತವಾಗಿ ಹೋಗುವುದು ಹೇಗೆಂದು ಎರಡು ವರ್ಷ ಶಾಲೆಯಿಂದ ಶಾಲೆಗೆ ಹೇಳಿಕೊಂಡು ತಿರುಗಿದವಳು ನಾನು. ನನಗೆ ಈಜು ಬರುವುದಿಲ್ಲ. ಹುಟ್ಟು ಹಿಡಿಯಲು ಬರುವುದಿಲ್ಲ. ನನ್ನ ಅರ್ಹತೆ ಒಂದೇ: ಮಗುಚಿದ ದೋಣಿಯೊಂದರಲ್ಲಿ ನಾನಿದ್ದೆ, ಸಾಯಲಿಲ್ಲ. ನಮ್ಮಲ್ಲಿ ಸಾಯದೆ ಉಳಿದವರಿಗೆ ಶಾಲು ಹೊದಿಸಿ ಕೈಗೆ ಮೈಕು ಕೊಡುತ್ತಾರೆ. ಆ ದೋಣಿ ನಡೆಸುತ್ತಿದ್ದ ಅಂಬಿಗ ಮಾತ್ರ ಈಗ ಇಳಕಲ್ಲಿನ ಕಾರ್ಖಾನೆಯೊಂದರಲ್ಲಿ ಗ್ರಾನೈಟ್ ಕಲ್ಲು ಉಜ್ಜುತ್ತಾನೆ. ಹೆಣ ಬೀಳಿಸಿದವನು ಎಂಬ ಹೆಸರು ಅವನಿಗೆ ಅಂಟಿದೆ. ಆ ಹೆಸರು ಅವನದಲ್ಲ. ಯಾರದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮನೆ ಬಾಗಲಕೋಟೆಯ ನವನಗರದಲ್ಲಿ. ನಾನು ಕಲಿಸುತ್ತಿದ್ದ ಶಾಲೆ ಹಿನ್ನೀರಿನ ಆಚೆ ದಡದ ಒಂದು ಹಳ್ಳಿಯಲ್ಲಿ. ಬಸ್ಸಿನಲ್ಲಿ ಹೋದರೆ ಸೇತುವೆ ಸುತ್ತಿಕೊಂಡು ಒಂದೂವರೆ ತಾಸು, ಅದೂ ಬಸ್ಸು ಬಂದರೆ. ದೋಣಿಯಲ್ಲಿ ಅರ್ಧ ತಾಸು. ಹನ್ನೊಂದು ವರ್ಷ ನಾನು ದೋಣಿಯಲ್ಲೇ ಹೋಗಿ ಬಂದೆ. ತಗಡಿನ ದೋಣಿ, ಹಿಂದೆ ಡೀಸೆಲ್ ಎಂಜಿನ್, ಎರಡೂ ಬದಿಗೆ ಕೂಡಲು ಹಲಗೆ. ಅದರಲ್ಲಿ ಮಂದಿ, ಸೈಕಲ್ಲು, ಸಂತೆಯ ಚೀಲ, ಒಮ್ಮೊಮ್ಮೆ ಕುರಿ ಕಾಯುವವರ ಎರಡು ಮರಿ. ಅಂಬಿಗನಿಗೆ ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವನು ನನಗೆ ಅಕ್ಕಾರ ಎನ್ನುತ್ತಿದ್ದ. ಈ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಅಕ್ಕಾರು ಬಂದರೆಂದರೆ ಹಲಗೆಯ ಮೇಲೆ ಕೂತವರು ಸರಿದು ಜಾಗ ಬಿಡುತ್ತಿದ್ದರು. ಹನ್ನೊಂದು ವರ್ಷ ಆ ಜಾಗದಲ್ಲಿ ನಾನು ದೊರೆಸಾನಿಯ ಹಾಗೆ ಕೂತೆ.

ದೋಣಿಯ ಮೂತಿಗೆ ಹನ್ನೆರಡು ಲೈಫ್ ಜಾಕೆಟ್‌ಗಳಿದ್ದವು. ಇದ್ದವು ಅಂದರೆ, ಪ್ಲಾಸ್ಟಿಕ್ ಚೀಲದೊಳಗೆ ಮಡಿಚಿಟ್ಟು, ನೈಲಾನ್ ಹಗ್ಗದಿಂದ ಬಿಗಿದು, ಗಂಟಿನ ಮೇಲೆ ಗಂಟು ಹಾಕಿ ಇಟ್ಟಂಥವು. ಹರಿದರೆ ಅವನ್ನು ಕೊಟ್ಟ ಕಚೇರಿಯವರು ಕೇಳುತ್ತಾರೆಂದು ಕಾಕಾನ ಹೆದರಿಕೆ. ದಸರೆಯ ಖಂಡೆ ಪೂಜೆಯ ದಿನ ಎಂಜಿನ್ನಿಗೆ ವಿಭೂತಿ ಹಚ್ಚಿದಾಗ ಆ ಗಂಟಿಗೂ ಮೂರು ಬೆರಳು ವಿಭೂತಿ, ಒಂದು ಚೆಂಡು ಹೂವು. ಆಮೇಲೆ ಮುಂದಿನ ವರ್ಷದ ತನಕ ಯಾರೂ ಮುಟ್ಟುವಂತಿಲ್ಲ. ಮುಟ್ಟಲು ಯಾರಿಗೂ ಮನಸ್ಸೂ ಇರಲಿಲ್ಲ ಅನ್ನಿ. ಗಂಡಸರು ಹಾಕಿಕೊಂಡರೆ ಅಂಜುಬುರುಕರು ಅನ್ನಿಸಿಕೊಳ್ಳಬೇಕಾಗುತ್ತಿತ್ತು. ಹೆಂಗಸರದು ಬೇರೆ ತಕರಾರು.

“ಅದನ್ನ ಹಾಕ್ಕೊಂಡ್ರ ತಲಿ ಮ್ಯಾಲ ಸೆರಗು ಹೆಂಗ ಹೊಚ್ಚಿಕೊಳ್ಳೋದ್ರಿ ಅಕ್ಕಾರ? ಹಿರ್ಯಾರು ಕುಂತಿರ್ತಾರ.”

ಹಿರಿಯರು ಕೂತಿದ್ದರು ನಿಜ. ನೀರೂ ಅಲ್ಲೇ ಕೂತಿತ್ತು. ತಲೆಯ ಮೇಲಿನ ಸೆರಗು ಜಾರಬಾರದು, ತಲೆ ನೀರಿಗೆ ಹೋದರೆ ನಡೆಯುತ್ತದೆ ಎಂಬ ಲೆಕ್ಕಾಚಾರಕ್ಕೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ನಾನೂ ಹಾಕಿಕೊಳ್ಳುತ್ತಿರಲಿಲ್ಲ. ನನ್ನ ಕಾರಣ ಹೆಚ್ಚು ಸುಶಿಕ್ಷಿತವಾದದ್ದು: ಇಸ್ತ್ರಿ ಹಾಳಾಗುತ್ತದೆ.

ಇನ್ನು ಶಿಖರದ ಕಥೆ. ಅಣೆಕಟ್ಟೆಗೆ ನೀರು ನಿಲ್ಲಿಸಿದಾಗ ಆ ಹಳ್ಳಿಯ ಹಳೆಯ ಊರು ಮುಳುಗಿತು. ಅದರ ಹನುಮಪ್ಪನ ಗುಡಿ ದೋಣಿಯ ದಾರಿಯ ಸರಿಯಾಗಿ ನಡುವೆ ಬರುತ್ತದೆ. ಮಳೆಗಾಲದಲ್ಲಿ ಏನೂ ಕಾಣದು. ಬೇಸಿಗೆಗೆ ನೀರು ಇಳಿದಾಗ ಶಿಖರದ ತುದಿ, ಕಳಸ ಕಿತ್ತ ಮೊಂಡು ಕಲ್ಲು, ಅದರ ಮೇಲೆ ಒಂದು ನೀರುಕಾಗೆ. ದೋಣಿ ಅಲ್ಲಿಗೆ ಬಂದದ್ದೇ ತಡ, ಎಲ್ಲರೂ ಚಪ್ಪಲಿ ಕಳಚುವವರು, ಎದ್ದು ನಿಲ್ಲುವವರು, ಎಡಬದಿಗೆ ಹೋಗಿ ಕೈ ಮುಗಿಯುವವರು. ಎಡಕ್ಕೇ ಯಾಕೆಂದರೆ ಗುಡಿ ಎಡಕ್ಕಿದೆ. ಬರುವಾಗ ಬಲಕ್ಕೆ. ದಿನಕ್ಕೆ ಎರಡು ಸಲ, ವರ್ಷವಿಡೀ, ನೀರು ತುಂಬಿ ಏನೂ ಕಾಣದಾಗಲೂ ಅಂದಾಜಿನ ಮೇಲೆ ಈ ಸೇವೆ ತಪ್ಪಿದ್ದಲ್ಲ.

ಇದರಲ್ಲಿ ದೊಡ್ಡ ತಮಾಷೆ ಎಂದರೆ ಆ ಗುಡಿಯಲ್ಲಿ ಹನುಮಪ್ಪನೇ ಇಲ್ಲ. ಊರು ಬಿಡುವಾಗ ಮೂರ್ತಿಯನ್ನು ಎಬ್ಬಿಸಿ, ಟ್ರ್ಯಾಕ್ಟರಿನಲ್ಲಿ ಹೇರಿ, ಡೊಳ್ಳು ಬಡಿದುಕೊಂಡು ಹೊಸ ಊರಿಗೆ ತಂದು ಆರ್‌ಸಿಸಿ ಗುಡಿಯಲ್ಲಿ ಕೂಡಿಸಿದ್ದಾರೆ. ಅಲ್ಲಿ ಅವನಿಗೆ ಫ್ಯಾನು ಕೂಡ ಇದೆ. ಇವರು ಎದ್ದು ನಿಂತು ಕೈ ಮುಗಿಯುತ್ತಿದ್ದದ್ದು ಬರಿಯ ಖಾಲಿ ಗೋಡೆಗೆ, ಒಳಗೆ ಓಡಾಡುವ ಮೀನಿಗೆ. ಇದೇ ಮಂದಿ ಶನಿವಾರ ತುಳಸಿಗೇರಿಗೂ ಹೋಗಿ ಬರುವವರು. ಹನುಮಪ್ಪನ ವಿಳಾಸ ಗೊತ್ತಿಲ್ಲದವರೇನಲ್ಲ.

ಕಾಕಾ ಮಾತ್ರ ದಿನವೂ ಅಲ್ಲಿಗೆ ಬಂದಾಗ ಎಂಜಿನ್ ಸಣ್ಣ ಮಾಡಿ ಕೂಗುತ್ತಿದ್ದ.

“ಏಳಬ್ಯಾಡ್ರಿ! ಕುಂತಲ್ಲೇ ಕೈ ಮುಗೀರಿ. ದೋಣಿ ವಾಲ್ತೈತಿ.”

“ಕುಂತು ಮುಗುದ್ರ ದೇವ್ರಿಗೆ ಮುಟ್ಟತೈತೇನೋ ಕಾಕಾ?” ಎಂದು ಯಾರಾದರೂ ಒಬ್ಬರು ಎದುರು ಹೇಳುತ್ತಿದ್ದರು. ಹೇಳಿದವರು ಎದ್ದೇ ಹೇಳುತ್ತಿದ್ದರು. ದೋಣಿ ಎಡಕ್ಕೆ ಬಾಗುತ್ತಿತ್ತು. ಕಾಕಾ ತಾನು ಬಲಬದಿಯ ಅಂಚಿಗೆ ಜಿಗಿದು ತನ್ನ ಒಣಕಲು ಮೈಯ ಭಾರವನ್ನೆಲ್ಲ ಅಲ್ಲಿ ಹಾಕಿ ನಿಲ್ಲುತ್ತಿದ್ದ. ಇವರು ಪುಣ್ಯ ಕಟ್ಟಿಕೊಳ್ಳುವ ತನಕ ಅವನು ಸಮತೋಲನ ಕಟ್ಟಿಕೊಳ್ಳಬೇಕು. ದೋಣಿ ಭಾರಕ್ಕೆ ಮುಳುಗುವುದು ಕಡಿಮೆ. ಭಾರವೆಲ್ಲ ಒಂದು ಬದಿಗೆ ಎದ್ದು ನಿಂತದ್ದಕ್ಕೆ ಮಗುಚುವುದೇ ಹೆಚ್ಚು. ನೀರಿನ ಮೇಲೆ ಕಲಿಯಬೇಕಾದ ಪಾಠ ಏನಾದರೂ ಇದ್ದರೆ ಇದು. ಅದನ್ನು ಅಕ್ಷರ ಬರದ ಕಾಕಾ ದಿನಕ್ಕೆ ಎರಡು ಸಲ ಪುಕ್ಕಟೆ ಕಲಿಸುತ್ತಿದ್ದ, ಕಲಿಯುವವರಿರಲಿಲ್ಲ.

ನಾನು ಏಳುತ್ತಿರಲಿಲ್ಲ. ಇದು ನನ್ನ ದೊಡ್ಡ ಹೆಮ್ಮೆ. ನಮ್ಮದು ಬಸವಣ್ಣನವರನ್ನು ನಂಬಿದ ಮನೆತನ, ಇಷ್ಟಲಿಂಗ ಕೊರಳಲ್ಲಿದೆ, ಮುಳುಗಿದ ಕಲ್ಲಿಗೆ ನಾನೇಕೆ ಏಳಲಿ ಎಂದು ಬೆನ್ನು ತಿರುಗಿಸಿ ಮಕ್ಕಳ ನೋಟ್‌ಬುಕ್ಕು ತಿದ್ದುತ್ತಾ ಕೂಡುತ್ತಿದ್ದೆ. ಅವರ ಮೂಢತನ ನೋಡಿ ಬಾಯಿ ಸೊಟ್ಟ ಮಾಡುತ್ತಿದ್ದೆ. ಹನ್ನೊಂದು ವರ್ಷ ಬಾಯಿ ಸೊಟ್ಟ ಮಾಡಿದರೂ ಒಂದು ದಿನ ಕೂಡ “ಕಾಕಾ ಹೇಳೋದು ಖರೆ ಐತಿ, ಕೂಡ್ರಿ” ಎನ್ನಲಿಲ್ಲ. ನಾನು ಒಂದು ಮಾತು ಹೇಳಿದ್ದರೆ ಕೂಡುತ್ತಿದ್ದರು. ಶಾಲೆಯ ಅಕ್ಕಾರ ಮಾತಿಗೆ ಆ ಊರಿನಲ್ಲಿ ಅಷ್ಟು ಬೆಲೆ ಇತ್ತು. ಇನ್ನೊಬ್ಬರನ್ನು ತಿದ್ದುವುದಕ್ಕಿಂತ ಅವರನ್ನು ನೋಡಿ ನಗುವುದು ಸುಲಭ, ಅದಕ್ಕೆ ಸಂಬಳ ಬೇರೆ ಬರುತ್ತಿತ್ತು.

ಆ ದಿನ ಮಾರ್ಚ್ ತಿಂಗಳ ಒಂದು ಸೋಮವಾರ. ಪರೀಕ್ಷೆ ಹತ್ತಿರ ಬಂದಿತ್ತು. ದೋಣಿಯಲ್ಲಿ ಇಪ್ಪತ್ತರ ಆಸುಪಾಸು ಮಂದಿ, ಇರಬೇಕಾದದ್ದಕ್ಕಿಂತ ಹೆಚ್ಚೇ. ನನ್ನ ಪಕ್ಕದಲ್ಲಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ. ಆಕೆ ಆ ಹಳ್ಳಿಯವಳೇ. ಮೊಣಕಾಲು ನೋವಿಗೆ ಬಾಗಲಕೋಟೆಯ ದವಾಖಾನೆಗೆ ತೋರಿಸಿ, ರಾತ್ರಿ ಮಗಳ ಮನೆಯಲ್ಲಿ ಉಳಿದು, ಬೆಳಿಗ್ಗೆ ಮರಳಿ ಹೊರಟಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ತನ್ನ ಬುತ್ತಿಯ ಕಡಕ್ ರೊಟ್ಟಿಯನ್ನು ಮುರಿದು ಅರ್ಧ ನನಗೆ ಕೊಡುತ್ತಿದ್ದವಳು ಆಕೆ. ಶಾಲೆಯಲ್ಲಿ ನನ್ನನ್ನು ಹೆದರದೆ ಮಾತಾಡಿಸುತ್ತಿದ್ದವಳೂ ಆಕೆಯೊಬ್ಬಳೇ.

ಆ ವರ್ಷ ನೀರು ಭಾಳ ಇಳಿದಿತ್ತು. ದೂರದಿಂದಲೇ ಶಿಖರ ಅರ್ಧಕ್ಕರ್ಧ ಕಾಣುತ್ತಿತ್ತು. ಮಂದಿಯಲ್ಲಿ ಗದ್ದಲ ಎದ್ದಿತು. ಇಷ್ಟು ಕಂಡದ್ದು ಇದೇ ಮೊದಲಂತೆ. ಮುಖ್ಯಾಧ್ಯಾಪಕಿಯ ಕುರ್ಚಿಯಲ್ಲಿದ್ದ ನನಗೆ ಅದೇ ತಿಂಗಳು ಮಗ ಒಂದು ಹೊಸ ಮೊಬೈಲು ಕೊಡಿಸಿದ್ದ. ತಾಲೂಕಿನ ಶಿಕ್ಷಕರೆಲ್ಲ ಸೇರಿದ ವಾಟ್ಸಪ್ ಗುಂಪೊಂದಿತ್ತು. ಅದರಲ್ಲಿ ನನ್ನ ಚುಚ್ಚು ಮಾತಿಗೆ ಒಳ್ಳೆಯ ಹೆಸರಿತ್ತು. ಖಾಲಿ ಗುಡಿಗೆ ಸಾಲಾಗಿ ಕೈ ಮುಗಿದು ನಿಂತವರ ಫೋಟೋ ಹಾಕಿ ಕೆಳಗೆ ಏನು ಬರೆಯಬೇಕೆಂಬುದನ್ನೂ ಆಗಲೇ ಯೋಚಿಸಿಬಿಟ್ಟೆ: “ಮನೆಯಲ್ಲಿಲ್ಲದ ದೇವರಿಗೆ ನಿಂತು ನಮಸ್ಕಾರ.” ಆ ಸಾಲು ನನಗೇ ಭಾಳ ಹಿಡಿಸಿತು.

ಶಿಖರದ ಸಮೀಪ ದೋಣಿ ಬಂತು. ಎದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನೂ ಎದ್ದೆ.

“ನೀವೂ ಎದ್ರೇನ್ರಿ ಅಕ್ಕಾರ?” ಅಂದಳು ಅಡುಗೆಯಾಕೆ, ನಗುತ್ತ. “ನನಗ ಏಳಾಕ ಆಗಂಗಿಲ್ಲವ್ವಾ, ಮೊಣಕಾಲು ಹಿಡದಾವ. ನನ್ನ ಪಾಲಿಂದೂ ನೀವ ಮುಗೀರಿ.” ಎಡಬದಿಯ ಹಲಗೆಯ ಮೇಲೆ ಕೂತಲ್ಲೇ ಕೈ ಜೋಡಿಸಿದಳು. ಕಾಕಾ ದಿನವೂ ಕೂಗಿ ಹೇಳಿದ್ದನ್ನು ಆ ದಿನ ಪಾಲಿಸಿದವಳು ಆಕೆಯೊಬ್ಬಳೇ.

ಮೊಬೈಲಿನ ಪರದೆಯಲ್ಲಿ ಅರ್ಧ ಮಂದಿ ಮಾತ್ರ ಬರುತ್ತಿದ್ದರು. ಇನ್ನರ್ಧ ಬಲಕ್ಕೇ ಕೂತಿದ್ದರು, ಜಾಗವಿಲ್ಲದೆ ಸರದಿ ಕಾಯುತ್ತಿದ್ದರು. ನಾನು ಬಲಬದಿಯ ಹಲಗೆ ಹತ್ತಿ ನಿಂತು, ತರಗತಿಯಲ್ಲಿ ಹೇಳುವ ದನಿಯಲ್ಲಿ ಹೇಳಿದೆ:

“ಎಲ್ಲಾರೂ ಆ ಕಡೆ ಸರೀರಿ. ಒತ್ತರಿಸಿ ನಿಂದರ್ರಿ. ಇಲ್ಲಾಂದ್ರ ಫೋಟೋದಾಗ ಬರಂಗಿಲ್ಲ ನೀವು.”

ಕಾಕಾನ ಮಾತನ್ನು ಒಂದು ದಿನವೂ ಕೇಳದ ಮಂದಿ ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದರು. ಎಲ್ಲರೂ ಎದ್ದರು. ಎಲ್ಲರೂ ಎಡಕ್ಕೆ ಸರಿದರು. ಸೈಕಲ್ಲು ಜಾರಿ ಅವರ ಹಿಂದೆ ಹೋಯಿತು. ಹಲಗೆ ನನ್ನ ಕಾಲ ಕೆಳಗಿನಿಂದ ಮೇಲಕ್ಕೆ ಎದ್ದಿತು. ನಾನು ಮಂದಿಯ ಮೇಲೆ ಬಿದ್ದೆ, ಮಂದಿ ನೀರಿಗೆ ಬಿದ್ದರು, ಅವರ ಮೇಲೆ ದೋಣಿ ಬಿತ್ತು. ಕೂಗಲಿಕ್ಕೂ ಪುರುಸೊತ್ತಾಗಲಿಲ್ಲ. ಜಾಕೆಟ್ಟುಗಳ ಗಂಟು ಗಂಟಾಗಿಯೇ ತೇಲಿತು. ಹಗ್ಗ ಬಿಚ್ಚಲು ಯಾರ ಕೈಯಿಂದಲೂ ಆಗಲಿಲ್ಲ.

ನಾವು ಬದುಕಿದ್ದು ಶಿಖರದಿಂದಲೇ. ಗುಡಿಯ ಮಾಳಿಗೆ ಎದೆಮಟ್ಟದ ನೀರಿನಲ್ಲಿತ್ತು. ಕೈಕಾಲು ಬಡಿಯುತ್ತಿದ್ದವರಿಗೆ ಒಬ್ಬೊಬ್ಬರಾಗಿ ಅದು ಕಾಲಿಗೆ ಸಿಕ್ಕಿತು. ನನ್ನ ಕೈಗೆ ಒಬ್ಬಾಕೆಯ ಜಡೆ ಸಿಕ್ಕಿತು, ಹಿಡಿದು ಜೋತುಬಿದ್ದೆ. ಆಕೆ ಇನ್ನೊಬ್ಬಾಕೆಯ ಸೀರೆ ಹಿಡಿದಿದ್ದಳು. ಆ ಇನ್ನೊಬ್ಬಾಕೆಯ ಕಾಲು ಮಾಳಿಗೆಗೆ ಹತ್ತಿತ್ತು, ಹೀಗಾಗಿ ಮೂವರೂ ಉಳಿದೆವು. ಕಾಕಾ ಮುಳುಗಿ ಏಳುತ್ತ ಒಬ್ಬೊಬ್ಬರನ್ನು ತಂದು ಮಾಳಿಗೆಯ ಮೇಲೆ ನಿಲ್ಲಿಸಿದ. ಎಣಿಸಿದ. ಒಬ್ಬರು ಕಡಿಮೆ. ಮತ್ತೆ ಮುಳುಗಿದ. ದೋಣಿಯ ಕೆಳಗೆ, ಹಲಗೆಗೂ ನಮ್ಮೆಲ್ಲರ ಭಾರಕ್ಕೂ ನಡುವೆ ಸಿಕ್ಕಿಕೊಂಡಿದ್ದ ಅಡುಗೆಯಾಕೆಯನ್ನು ಅವನು ಹೊರಗೆ ಎಳೆದಾಗ ಆಕೆಗೆ ಉಸಿರಿರಲಿಲ್ಲ.

ಮೀನು ಹಿಡಿಯುವವರು ಬಂದು ನಮ್ಮನ್ನು ದಡ ಮುಟ್ಟಿಸಿದರು. ದಡದಲ್ಲಿ ಆಗಲೇ ಕಾರಣಗಳು ತಯಾರಾಗಿದ್ದವು. ಹನುಮಪ್ಪ ಕಾಯ್ದ ಎಂದರು ಕೆಲವರು. ಹಾಗಾದರೆ ಆಕೆಯನ್ನು ಯಾಕೆ ಕಾಯಲಿಲ್ಲ ಎಂದರೆ, ಆಕೆಯ ಆಯುಷ್ಯ ಅಷ್ಟೇ ಇತ್ತು. ಹನುಮಪ್ಪ ಬಲಿ ಕೇಳಿದ ಎಂದರು ಇನ್ನು ಕೆಲವರು. ಪಾಪದ ಹನುಮಪ್ಪ, ಎಲೆಪೂಜೆ, ಬಾಳೆಹಣ್ಣು ಬಿಟ್ಟು ಜನ್ಮದಲ್ಲಿ ಏನನ್ನೂ ಕೇಳಿದವನಲ್ಲ. ಕೂತು ಕೈ ಮುಗಿದಳು, ಅದಕ್ಕೇ ಹೀಗಾಯಿತು ಎಂದು ಹೇಳಿದ ಒಬ್ಬ ಮುದುಕನೂ ಇದ್ದ. ಅವನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ಹಾಕಲಿಲ್ಲ. ಆ ದಿನ ನನ್ನ ಬಾಯಿಯೇ ಮಣ್ಣು ತುಂಬಿದಂತೆ ಮುಚ್ಚಿತ್ತು.

ಮರುದಿನದ ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಇಬ್ಬರ ಜೀವ ಉಳಿಸಿದ ಧೀರ ಶಿಕ್ಷಕಿ. ಜಡೆ ಹಿಡಿದು ಜೋತುಬಿದ್ದವಳು ನಾನು, ಜೀವ ಉಳಿಸಿದವಳೂ ನಾನೇ ಆದೆ. ಜಡೆಯಾಕೆ ನನ್ನನ್ನು ನೋಡಲು ಬಂದಾಗ ಕುತ್ತಿಗೆ ತಿರುಗಿಸಲು ಆಗದೆ ಒದ್ದಾಡುತ್ತಿದ್ದಳು. “ನೀವು ಇರಲಿಲ್ಲಂದ್ರ ನಾ ಹೋಗಿಬಿಡ್ತಿದ್ನಿರಿ ಅಕ್ಕಾರ” ಎಂದು ಅವಳೇ ಕಾಲಿಗೆ ಬಿದ್ದಳು. ಪತ್ರಿಕೆಯಲ್ಲಿ ಬಂದದ್ದನ್ನು ತನ್ನ ಕುತ್ತಿಗೆಗಿಂತ ಹೆಚ್ಚು ನಂಬಿದಳು.

ವಿಚಾರಣೆ ಪಂಚಾಯಿತಿಯ ಸಭಾಂಗಣದಲ್ಲಿ ನಡೆಯಿತು. ಹೊರಗಿನಿಂದ ಬಂದ ಸಾಹೇಬರು, ಅವರ ಪಕ್ಕ ಬರೆದುಕೊಳ್ಳುವ ಗುಮಾಸ್ತ. ನನಗೆ ಕುರ್ಚಿ ಕೊಟ್ಟರು. ಕಾಕಾ ಗೋಡೆಗೆ ಆತು ನೆಲದ ಮೇಲೆ ಕೂತಿದ್ದ, ಹೆಗಲ ಮೇಲಿನ ಟಾವೆಲ್ಲನ್ನು ಕೈಯಲ್ಲಿ ಹಿಡಿದುಕೊಂಡು.

“ಮೇಡಂ, ಏನಾತ್ರಿ?” ಎಂದು ಸಾಹೇಬರು ಕೇಳಿದರು.

“ದೋಣಿ ಒಮ್ಮಿಗೇ ವಾಲಿತು.”

“ಮಂದಿ ಹೆಚ್ಚಿದ್ರೇನು?”

“ಇದ್ರು.”

“ಜಾಕೆಟ್ ಕೊಟ್ಟಿದ್ನೇನ್ರಿ ಅಂವಾ?”

“ಇಲ್ಲ.”

ಮೂರೂ ಖರೆ. ಮೂರು ಖರೆ ಮಾತು ಸೇರಿಸಿ ನಾನು ಒಂದು ಸುಳ್ಳು ಕಟ್ಟಿದೆ. ದೋಣಿ ವಾಲಿತು ಎಂದೆ, ನಾನು ವಾಲಿಸಿದೆ ಎನ್ನಲಿಲ್ಲ. ನನ್ನ ಮೊಬೈಲು ನೀರಿನ ಅಡಿಯಲ್ಲಿತ್ತು, ಫೋಟೋ ತೆಗೆಯಲು ನಿಂತಿದ್ದೆ ಎಂಬುದಕ್ಕೆ ಸಾಕ್ಷಿಯೂ ಅದರೊಡನೆ ಹೋಗಿತ್ತು. ನಿವೃತ್ತಿಗೆ ಒಂದು ವರ್ಷ ಬಾಕಿ. ನನ್ನ ನಂತರ ಬಂದವರೆಲ್ಲ ಅದನ್ನೇ ಹೇಳಿದರು. ಅಕ್ಕಾರು ಸರಿಯಲು ಹೇಳಿದರು ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಅದನ್ನು ಹೇಳಿದರೆ ನಾವು ಎದ್ದೆವು ಎಂದೂ ಹೇಳಬೇಕಾಗುತ್ತಿತ್ತು. ನನ್ನ ಗೌರವ, ಅವರ ಭಕ್ತಿ ಎರಡೂ ಉಳಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಬಿದ್ದದ್ದು ಕಾಕಾನಿಗೆ. ಅಂಬಿಗನ ನಿರ್ಲಕ್ಷ್ಯ ಎಂದು ವರದಿಯಾಯಿತು. ಪರವಾನಗಿ ರದ್ದಾಯಿತು, ದೋಣಿ ದಡಕ್ಕೆ ಬಿತ್ತು. ಸಾಹೇಬರು ಅವನನ್ನು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: “ನನ್ನ ದೋಣ್ಯಾಗ ಸತ್ತಾಳ್ರಿ ಆಕಿ. ಮತ್ತೇನ್ ಹೇಳ್ಲಿ.”

ಆಮೇಲೆ ಸುರಕ್ಷತೆಯ ಸಪ್ತಾಹ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಹಬ್ಬ ಅದು. ದಡದಲ್ಲಿ ಪೆಂಡಾಲು, ಪೆಂಡಾಲಿನ ಕೆಳಗೆ ಸಾಹೇಬರು. ಲೈಫ್ ಜಾಕೆಟ್ ತೊಡುವುದು ಹೇಗೆಂದು ತೋರಿಸಲು ಅವರು ಹಾರದ ಮೇಲೆಯೇ ಜಾಕೆಟ್ ಹಾಕಿಕೊಂಡರು, ಕೆಳಗಿನ ಪಟ್ಟಿ ಕಟ್ಟಲೇ ಇಲ್ಲ. ಹಾಗೆ ನೀರಿಗೆ ಬಿದ್ದರೆ ಜಾಕೆಟ್ ಕಿವಿಯ ಮೇಲಕ್ಕೆ ಏರಿ ಮೇಲೆ ತೇಲುತ್ತದೆ, ಸಾಹೇಬರು ಕೆಳಗೆ ಹೋಗುತ್ತಾರೆ. ಯಾರೂ ಹೇಳಲಿಲ್ಲ. ಫೋಟೋ ಚೆನ್ನಾಗಿ ಬಂತು. ನನಗೂ ಶಾಲು ಹೊದಿಸಿದರು. ನಿವೃತ್ತಿಯಾದ ಮೇಲೆ ಊರೂರಿನ ಶಾಲೆಗಳಿಗೆ ಹೋಗಿ ಅನುಭವ ಹೇಳಬೇಕೆಂದರು. ನಾನು ಒಪ್ಪಿದೆ. ನಾಚಿಕೆ ಇದ್ದವರು ಒಪ್ಪುತ್ತಿರಲಿಲ್ಲ.

ಬೇವೂರು, ಬಾದಾಮಿ, ಹುನಗುಂದ ಎಲ್ಲ ತಿರುಗಿದೆ. ಬಾದಾಮಿಯಲ್ಲಿ ಹೊಂಡವಿದೆ, ಮಂಗಗಳಿವೆ, ದಿನಾ ಹತ್ತುವ ದೋಣಿ ಎಲ್ಲಿಯದು? ಅಲ್ಲಿಯ ಮಕ್ಕಳು ನಾನು ಹೇಳಿದ್ದನ್ನು ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡರು. ಕಚೇರಿಯವರು ಅಚ್ಚು ಹಾಕಿಸಿದ ಒಂದು ಕರಪತ್ರವಿತ್ತು. ದೋಣಿ ಹತ್ತುವ ಮೊದಲೇ ಜಾಕೆಟ್ ತೊಡಿ. ಗಾಳಿ ಬಿಟ್ಟಾಗ ಹೋಗಬೇಡಿ. ಮಗುಚಿದರೆ ದೋಣಿಯನ್ನೇ ಹಿಡಿದುಕೊಳ್ಳಿ, ಬಿಟ್ಟು ಈಜಬೇಡಿ. ಎಲ್ಲ ಒಳ್ಳೆಯ ಮಾತುಗಳೇ. ನಡುವೆ ಒಂದು ಸಾಲು: ಚಲಿಸುವ ದೋಣಿಯಲ್ಲಿ ಎದ್ದು ನಿಲ್ಲಬೇಡಿ, ಒಂದೇ ಬದಿಗೆ ಸೇರಬೇಡಿ. ಆ ಸಾಲು ಬಂದಾಗ ನನಗೆ ಕೆಮ್ಮು ಬರುತ್ತಿತ್ತು. ನೀರು ಕುಡಿದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಕೊನೆಗೆ ‘ಅಂಬಿಗರ ಅಲಕ್ಷ್ಯದಿಂದಾದ ಅನಾಹುತ’ ಎಂದು ನಮ್ಮ ದೋಣಿಯ ಉದಾಹರಣೆ ಇತ್ತು. ಅದನ್ನು ಮಾತ್ರ ಸ್ಪಷ್ಟವಾಗಿ, ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದೆ. ಆಚಾರ ಹೇಳುವುದಕ್ಕೆ, ಬದನೇಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ನಾನು ಬದನೇಕಾಯಿ ಬಾಯಲ್ಲಿಟ್ಟುಕೊಂಡೇ ಆಚಾರ ಹೇಳಿದೆ.

ಹುನಗುಂದದ ಶಾಲೆಯೊಂದರಲ್ಲಿ ಮಾತು ಮುಗಿಸಿ ಹೊರಗೆ ಬಂದಾಗ ಒಬ್ಬ ಹೆಂಗಸು ನನಗಾಗಿ ಬಾಗಿಲಲ್ಲಿ ಕಾಯುತ್ತಿದ್ದಳು. ಆ ಶಾಲೆಯ ಕಸ ಗುಡಿಸುವ ಕೆಲಸ ಆಕೆಯದು. ಮುಖ ಎಲ್ಲೋ ನೋಡಿದಂತಿತ್ತು. ಕಾಕಾನ ಹೆಂಡತಿ. ಹಳ್ಳಿಯಲ್ಲಿ ಮಂದಿಯ ಮಾತು ತಾಳಲಾರದೆ ತವರಿಗೆ, ಹುನಗುಂದಕ್ಕೆ ಬಂದಿದ್ದಳು. ಗಂಡ ಇಳಕಲ್ಲಿನಲ್ಲಿ ಕೆಲಸ ಹಿಡಿದು ಅಲ್ಲೇ ಇರುತ್ತಿದ್ದ.

“ಎಲ್ಲಾ ಕೇಳಿದ್ನಿರಿ ಅಕ್ಕಾರ. ಬಾಗಲ್ದಾಗ ನಿಂತ ಕೇಳಿದ್ನಿ,” ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಾಳಲಾಗಲಿಲ್ಲ. “ನಮ್ಮ ಮನ್ಯಾವ್ರು ದಿನಾ ಏಳಬ್ಯಾಡ್ರಿ, ಏಳಬ್ಯಾಡ್ರಿ ಅಂತ ಒದರತಿದ್ರಲ್ರಿ. ಮನಿಗೆ ಬಂದ್ರ ದನಿ ಬಿದ್ದಿರತಿತ್ತು ಅವ್ರದು. ನಾ ಬೆಲ್ಲದ ನೀರು ಕಾಸಿ ಕೊಡ್ತಿದ್ನಿ. ಅದನ್ನ ನೀವು ಒಂದ್ ಸಲಾನೂ ಹೇಳಂಗಿಲ್ಲಲ್ರಿ?”

ಕರಪತ್ರ ಕೈಯಲ್ಲಿತ್ತು, ಶಾಲು ಹೆಗಲ ಮೇಲಿತ್ತು. ಎರಡನ್ನೂ ಅಲ್ಲೇ ಬಿಸಾಡಬೇಕಿತ್ತು. “ಹೇಳ್ತೇನವ್ವಾ” ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೆ ಬಂದಷ್ಟು ಹೇಸಿಗೆಯನ್ನು ಯಾವ ಮುಳುಗಿದ ಗುಡಿಯ ಭಕ್ತರ ಮೇಲೂ ಹಿಂದೆ ಪಟ್ಟಿರಲಿಲ್ಲ. ಅವರು ಖಾಲಿ ಗುಡಿಗಾದರೂ ಕೈ ಮುಗಿದಿದ್ದರು. ನಾನು ನನ್ನ ಜಾಣತನಕ್ಕೆ ಮುಗಿದಿದ್ದೆ.

ಮರುದಿನ ಕೂತು ಹೊಸ ಹೇಳಿಕೆ ಬರೆದೆ. ಎಲ್ಲವನ್ನೂ ಬರೆದೆ: ಎದ್ದದ್ದು, ಫೋಟೋ, ಎಲ್ಲರನ್ನೂ ಒಂದೇ ಕಡೆ ಸರಿಸಿದ್ದು, ವಿಚಾರಣೆಯಲ್ಲಿ ಬಾಯಿ ಮುಚ್ಚಿದ್ದು. ಅಂಬಿಗ ಎಂದಿನಂತೆ ಏಳಬೇಡಿ ಎಂದು ಎಚ್ಚರಿಸಿದ್ದನ್ನೂ ಬರೆದೆ, ಅವನ ತಪ್ಪಿಲ್ಲವೆಂದು ಸಾಧಿಸಲು ಅದೇ ಮುಖ್ಯ ಸಾಲು. ಸಾಹೇಬರ ಕಚೇರಿಗೆ ಒಯ್ದೆ, ವಿಚಾರಣೆಯಲ್ಲಿದ್ದ ಅದೇ ಗುಮಾಸ್ತ ಎರಡು ಸಲ ಓದಿದ.

“ಫೈಲು ಕ್ಲೋಸ್ ಆಗೇತ್ರಿ ಮೇಡಂ. ರಿಟೈರ್ ಆಗೀರಿ, ಆರಾಮ ಇರ್ರಿ. ಈಗ್ಯಾಕ ಇದೆಲ್ಲಾ?”

“ತೆಗಿಯಾಕ ಬರ್ತೈತಿ ಅಲ್ಲ, ತೆಗೀರಿ” ಎಂದೆ. ಸಪ್ಪೆ ಮುಖ ಮಾಡಿಕೊಂಡು ಒಂದು ಪ್ರತಿ ಇಟ್ಟುಕೊಂಡ, ಇನ್ನೊಂದರ ಮೇಲೆ ಮೊಹರು ಒತ್ತಿ ಕೊಟ್ಟ. ಆ ಪ್ರತಿ ತೆಗೆದುಕೊಂಡು ನಾನು ಇಳಕಲ್ಲಿಗೆ ಹೋದೆ.

ಕಾರ್ಖಾನೆಯಲ್ಲಿ ಮಂದಿಯೆಲ್ಲ ಮೊಣಕಾಲ ತನಕ ಕೆಂಪು ಕಲ್ಲಿನ ರಾಡಿಯಲ್ಲಿ ನಿಂತಿದ್ದರು. ಕಲ್ಲಿನ ಮೇಲೆ ನೀರು ಬಿಡುತ್ತ ಯಂತ್ರದಿಂದ ಉಜ್ಜುವ ಕೆಲಸ. ಕಾಕಾ ನನ್ನನ್ನು ನೋಡಿ ಯಂತ್ರ ನಿಲ್ಲಿಸಿದ. ಕೂಡಲು ಒಂದು ಕಲ್ಲು ಒರೆಸಿ ತೋರಿಸಿದ. ಭಾಳ ಸೊರಗಿದ್ದ. ನಾನು ನೆಪ ಹುಡುಕಲಿಲ್ಲ, ಬಂದ ಕಾರಣ ಹೇಳಿದೆ.

“ನನಗ ಓದಾಕ ಬರಂಗಿಲ್ಲಲ್ರಿ. ನೀವ ಓದ್ರಿ” ಎಂದ.

ಓದಿದೆ. ಅಡುಗೆಯಾಕೆ ಕೂತಲ್ಲೇ ಕೈ ಮುಗಿದಳು ಎಂಬಲ್ಲಿ ನಿಂತುಬಿಟ್ಟೆ. ಅವನು ಅವಸರ ಮಾಡಲಿಲ್ಲ. ಟಾವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಕೊನೆಯ ತನಕ ಕೇಳಿದ. ಬಯ್ಯುತ್ತಾನೆ ಎಂದು ಕಾದೆ. ಬಯ್ದಿದ್ದರೆ ಹಗುರಾಗುತ್ತಿತ್ತು.

“ಎಲ್ಲಾ ಬರೋಬರಿ ಬರದೀರಿ ಅಕ್ಕಾರ. ಒಂದ್ ಮಾತು ತಪ್ಪೈತ್ರಿ.”

“ಯಾವುದು ಕಾಕಾ?”

“ನಾ ಏಳಬ್ಯಾಡ್ರಿ ಅಂದೆ ಅಂತ ಬರದೀರಲ್ಲ, ಅದು.”

“ದಿನಾ ಅಂತಿದ್ರಲ್ಲ.”

“ದಿನಾ ಅಂತಿದ್ದೆ. ಆವತ್ತ ಅನ್ನಲಿಲ್ಲ,” ಎಂದ. ನನ್ನ ಕಡೆ ನೋಡಲಿಲ್ಲ, ಕಲ್ಲನ್ನೇ ನೋಡುತ್ತಿದ್ದ. “ಬಾಯಿ ತನಾ ಬಂದಿತ್ತರಿ. ಅಷ್ಟರಾಗ ನೀವು ಸರೀರಿ ಅಂದ್ರಿ. ಸಾಲಿ ಅಕ್ಕಾರು ಮಾತಾಡಾಕತ್ತಾರ, ಓದಿದವ್ರು, ಇಷ್ಟು ದಿನಾ ಎದ್ದವ್ರಲ್ಲ, ಎದ್ದಾರ ಅಂದ್ರ ಏನರ ತಿಳದ ಎದ್ದಿರ್ತಾರ ಅಂದ್ಕೊಂಡೆ. ನಡುವ ಹೆಂಗ ಬಾಯಿ ಹಾಕೋದು ಅಂತ ಸುಮ್ನಾದೆ. ಅದಕ್ಕ ಅವ್ರು ನನ್ನ ತಪ್ಪಂತ ಬರದಾಗ ನಾ ಒಲ್ಲೆ ಅನ್ನಲಿಲ್ಲರಿ.”

ಆ ದಿನ ಅವನು ಕೂಗಿದನೋ ಇಲ್ಲವೋ ಎಂದು ಎಷ್ಟು ನೆನಪಿಸಿಕೊಂಡರೂ ನನಗೆ ನೆನಪಾಗಲಿಲ್ಲ. ನನ್ನ ದನಿ ಬಿಟ್ಟು ಬೇರೆ ಯಾವ ದನಿಯನ್ನೂ ನಾನು ಕೇಳಿಸಿಕೊಂಡೇ ಇರಲಿಲ್ಲ.

“ತಿದ್ದಲಾ ಕಾಕಾ?” ಎಂದೆ.

“ತಿದ್ರಿ,” ಎಂದ. “ಖರೆ ಇದ್ದದ್ದು ಇರ್ಲಿ.”

ಹಸಿ ಕಲ್ಲಿನ ಮೇಲೆ ನನ್ನ ಚೀಲ ಹಾಸಿ, ಅದರ ಮೇಲೆ ಕಾಗದವಿಟ್ಟು ಆ ಸಾಲನ್ನು ಹೊಡೆದುಹಾಕಿದೆ. ನಾಳೆ ಮತ್ತೆ ಕಚೇರಿಗೆ ಹೋಗಿ ಇದನ್ನೇ ಕೊಡಬೇಕು, ಆ ಗುಮಾಸ್ತ ಏನಾದರೂ ಅಂದುಕೊಳ್ಳಲಿ. ಹೊಡೆದ ಸಾಲಿನ ಮೇಲೆ ಬರೆದೆ: “ಅಂಬಿಗ ಏನೂ ಹೇಳಲಿಲ್ಲ, ಯಾಕೆಂದರೆ ನಾನು ಮಾತಾಡುತ್ತಿದ್ದೆ.”